ಸೀಟು ಸಿಕ್ಕಿದ ಮೇಲೆ ಜಾರಿದ ಗ್ರೇಡು, ಫ್ರೀಮಾಂಟಿನ ಒಂದು ಗ್ಯಾರೇಜ್ ಟ್ಯೂಷನ್ನು

ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಒಂದು ಮನೆಯ ಗ್ಯಾರೇಜಿನಲ್ಲಿ ನಡೆಯುವ ಟ್ಯೂಷನ್ ಬಗ್ಗೆ ಬರೆಯುತ್ತಿದ್ದೇನೆ. ಬೋರ್ಡ್ ಇಲ್ಲ, ವೆಬ್‌ಸೈಟ್ ಇಲ್ಲ. ನಡೆಸುವವರು ಒಬ್ಬರೇ. ಇಲ್ಲಿನ ಸರ್ಕಾರಿ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ರಿಟೈರ್ ಆದ ಹೆಂಗಸು. ಹೆಸರು ಹಾಕಬೇಡಿ ಅಂತ ಅವರೇ ಕೇಳಿಕೊಂಡರು. ಹಾಗಾಗಿ ಟೀಚರ್ ಅಂತಲೇ ಬರೆಯುತ್ತೇನೆ. ಫೆಬ್ರವರಿಯಿಂದ ಮೇ ತನಕ ಮಾತ್ರ ನಡೆಯುತ್ತದೆ. ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ ಮಾತ್ರ. ಮಂಗಳವಾರ, ಗುರುವಾರ ಸಂಜೆ ನಾಲ್ಕೂವರೆಗೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಒಂದು ಸಲಕ್ಕೆ ಒಂದೂವರೆ ಗಂಟೆ, 55 ಡಾಲರ್. ನನ್ನ ಮಗ ಅಲ್ಲಿ ಏಳು ವಾರ ಹೋದ.

ಯಾಕೆ ಹೋಗಬೇಕಾಯಿತು ಅನ್ನುವುದನ್ನು ಮೊದಲು ಹೇಳಬೇಕು. ಇಲ್ಲದಿದ್ದರೆ ಈ ಟ್ಯೂಷನ್ನು ಯಾಕೆ ಅಷ್ಟು ಇಷ್ಟವಾಯಿತು ಅಂತ ಗೊತ್ತಾಗುವುದಿಲ್ಲ.

ನಾನು ಪಿಯುಸಿ ಓದಿದ್ದು ಹಾಸನದಲ್ಲಿ, 1997ರಲ್ಲಿ. ನಮಗೆ ಪರೀಕ್ಷೆ ಮೊದಲು, ಸೀಟು ಆಮೇಲೆ. ಪಿಯುಸಿ ಅಂಕ ಬರಬೇಕು, ಸಿಇಟಿ ಅಂಕ ಬರಬೇಕು, ರ‍್ಯಾಂಕ್ ಬರಬೇಕು, ಕೌನ್ಸೆಲಿಂಗಿಗೆ ಬೆಂಗಳೂರಿಗೆ ಬಸ್ಸು ಹತ್ತಬೇಕು. ಕೊನೆಯ ಪೇಪರ್ ಬರೆದು ಮುಗಿಸುವ ತನಕ ಪುಸ್ತಕ ಮುಚ್ಚುವ ಮಾತೇ ಇರಲಿಲ್ಲ. ಇಲ್ಲಿ ಅದು ಉಲ್ಟಾ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ, ಅಂದರೆ ನಾವೆಲ್ಲ ಯುಸಿ ಅನ್ನುತ್ತೇವಲ್ಲ ಅದಕ್ಕೆ, ಹನ್ನೆರಡನೇ ಕ್ಲಾಸಿನ ನವೆಂಬರ್ ಮುಗಿಯುವ ಹೊತ್ತಿಗೆ ಅರ್ಜಿ ಹೋಗಿರುತ್ತದೆ. ಮಾರ್ಚ್ ಕೊನೆಯೊಳಗೆ ಉತ್ತರ ಬರುತ್ತದೆ. ಮೇ 1ರ ಒಳಗೆ ಬರುತ್ತೇನೆ ಅಂತ ಹೇಳಬೇಕು. ಶಾಲೆ ಮುಗಿಯುವುದು ಮಾತ್ರ ಜೂನ್‌ನಲ್ಲಿ. ಅಂದರೆ ಸೀಟು ಕೈಗೆ ಬಂದ ಮೇಲೂ ಎರಡು ಎರಡೂವರೆ ತಿಂಗಳು ಮಕ್ಕಳು ದಿನಾ ಬೆಳಿಗ್ಗೆ ಎದ್ದು ಕ್ಲಾಸಿಗೆ ಹೋಗಬೇಕು. ಆ ಎರಡು ತಿಂಗಳಲ್ಲಿ ಮಕ್ಕಳು ಜಾರುವುದಕ್ಕೆ ಇಲ್ಲಿ ಒಂದು ಹೆಸರೇ ಇದೆ, ಸೀನಿಯರೈಟಿಸ್ ಅಂತ. ಕೇಳಿದರೆ ಏನೋ ಕಾಯಿಲೆ ಇದ್ದ ಹಾಗಿದೆ. ಎಲ್ಲರೂ ನಗುತ್ತಾ ಹೇಳುವ ಮಾತು ಅದು. ನಮ್ಮ ಮನೆಗೆ ಬಂದಾಗ ನನಗೆ ನಗು ಬರಲಿಲ್ಲ.

ಮಗನಿಗೆ ಈ ವರ್ಷ, 2025ರ ಮಾರ್ಚ್‌ನಲ್ಲಿ, ಯುಸಿಯ ಒಂದು ಕ್ಯಾಂಪಸ್ಸಿನಿಂದ ಒಳ್ಳೆಯ ಸುದ್ದಿ ಬಂತು. ಅವನು ಮೊದಲಿನಿಂದಲೂ ಬೇಕು ಅಂತಿದ್ದ ಕ್ಯಾಂಪಸ್ಸೇ. ನಮ್ಮವರು ಆಫೀಸಿನಿಂದ ಬರುವಾಗ ಪೇಡ ತಂದರು. ನಾನು ನನ್ನ ಫೋನಿನಲ್ಲಿದ್ದ ಶಾಲೆಯ ಗ್ರೇಡ್ ಆ್ಯಪಿನ ನೋಟಿಫಿಕೇಶನ್ ಆಫ್ ಮಾಡಿದೆ. ನಾಲ್ಕು ವರ್ಷ ಅದರ ಟಿಣ್ ಶಬ್ದಕ್ಕೆ ಎದೆ ಹೊಡೆದುಕೊಂಡದ್ದು ಸಾಕು ಅನ್ನಿಸಿತ್ತು. ಆ ತಿಂಗಳ 30ಕ್ಕೆ ಯುಗಾದಿ. ಒಬ್ಬಟ್ಟು ಮಾಡಿದೆ, ಊರಿಗೆ ವಿಡಿಯೋ ಕಾಲ್ ಮಾಡಿದೆವು. ನಮ್ಮತ್ತೆ ಮೊಮ್ಮಗನಿಗೆ ದೃಷ್ಟಿ ತೆಗೆಯಿರಿ ಅಂದರು.

ಅದಾದ ಎರಡು ದಿನಕ್ಕೆ ಅಂಚೆಯಲ್ಲಿ ಪ್ರಾಗ್ರೆಸ್ ರಿಪೋರ್ಟ್ ಬಂತು. ಎಪಿ ಕ್ಯಾಲ್ಕುಲಸ್ ಬಿಸಿ, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಗಣಿತ: 62, ಡಿ. ಡಿ ಅಂದರೆ ಫೇಲಿಗೆ ಒಂದೇ ಮೆಟ್ಟಿಲು ಮೇಲೆ. ಮೊದಲ ಸೆಮಿಸ್ಟರಿನಲ್ಲಿ ಅದೇ ವಿಷಯದಲ್ಲಿ ಅವನಿಗೆ ಬಿ ಪ್ಲಸ್ ಇತ್ತು. ಇಂಗ್ಲಿಷ್ ಬಿ ಇದ್ದದ್ದು ಸಿ ಆಗಿತ್ತು. ಎಕನಾಮಿಕ್ಸಿನಲ್ಲಿ ನಾಲ್ಕು ಅಸೈನ್‌ಮೆಂಟ್ ಕೊಟ್ಟೇ ಇರಲಿಲ್ಲ.

ನಾನು ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿ ಟೆಕ್ನಿಷಿಯನ್. ಆವತ್ತು ಮಧ್ಯಾಹ್ನದ ಶಿಫ್ಟು ಮುಗಿಸಿ ರಾತ್ರಿ ಒಂಬತ್ತೂವರೆಗೆ ಮನೆಗೆ ಬಂದಿದ್ದೆ. ಲಕೋಟೆ ಹಿಡಿದುಕೊಂಡು ಅವನ ರೂಮಿಗೆ ಹೋದೆ. ಅವನು ಮಲಗಿಕೊಂಡು ಫೋನ್ ನೋಡುತ್ತಿದ್ದ. "ಏನೋ ಇದು?" ಅಂದೆ. ಎದ್ದು ಕೂತ. "ಅಮ್ಮಾ, ಅದು ಬರೀ ಪ್ರಾಗ್ರೆಸ್ ರಿಪೋರ್ಟು. ಟ್ರಾನ್ಸ್‌ಕ್ರಿಪ್ಟಿಗೆ ಹೋಗಲ್ಲ. ಎಲ್ಲರದ್ದೂ ಹೀಗೇ ಇದೆ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಟ್ರಾನ್ಸ್‌ಕ್ರಿಪ್ಟಿನಲ್ಲಿ, ಅಂದರೆ ಕಾಲೇಜಿಗೆ ಹೋಗುವ ಅಂಕಪಟ್ಟಿಯಲ್ಲಿ, ಕೂರುವುದು ಸೆಮಿಸ್ಟರ್ ಕೊನೆಯ ಗ್ರೇಡು. ಆದರೆ ಆ ಕೊನೆಗೆ ಎಂಟೇ ವಾರ ಉಳಿದಿತ್ತು. ನಮ್ಮವರು ಕಾರಿನ ಕೀ ಇಸಿದುಕೊಂಡರು. ಮನೆಯಲ್ಲಿ ಮೂರು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ.

ಮೊದಲು ನಾವು ಹೋದದ್ದು ಈ ಗ್ಯಾರೇಜಿಗಲ್ಲ. ಅಂಗಡಿ ಸಾಲಿನಲ್ಲಿ ದೊಡ್ಡ ಗಾಜಿನ ಬಾಗಿಲಿರುವ ಒಂದು ಟ್ಯೂಷನ್ ಸೆಂಟರಿಗೆ ಹೋದೆವು. ಹೆಸರು ಬೇಡ. ಒಳಗೆ ಹೋದ ತಕ್ಷಣ ಕಾಫಿ ಕೊಟ್ಟರು. ಮಗನಿಗೆ ಒಂದು ಗಂಟೆ ಟೆಸ್ಟ್ ಕೊಟ್ಟರು. ಆಮೇಲೆ ನಮ್ಮನ್ನೆಲ್ಲ ಒಳಗೆ ಕರೆದು, ಬುನಾದಿಯೇ ಗಟ್ಟಿ ಇಲ್ಲ, 36 ಗಂಟೆಯ ಪ್ಯಾಕೇಜ್ ತಗೊಳ್ಳಿ ಅಂದರು. ಮೂರು ಸಾವಿರ ಡಾಲರ್ ಹತ್ತಿರ. ಇನ್ನೊಂದು ದಾರಿಯೂ ಹೇಳಿದರು: ಕ್ಯಾಲ್ಕುಲಸ್ ಬಿಟ್ಟುಬಿಡಲಿ, ಸೀಟಂತೂ ಸಿಕ್ಕಿದೆಯಲ್ಲ, ಬೇರೆ ಸುಲಭದ ಕ್ಲಾಸಿಗೆ ಸೇರಿಕೊಳ್ಳಲಿ. ಮಗನ ಮುಖ ಅರಳಿತು. ನಮಗೂ ಒಂದು ಕ್ಷಣ ಸರಿ ಅನ್ನಿಸಿತು. ಆ ಮಾತು ಎಷ್ಟು ಅಪಾಯದ್ದು ಅಂತ ಒಂದು ವಾರ ಆದ ಮೇಲೆ ಗೊತ್ತಾಯಿತು. ಅಂಥ ದೊಡ್ಡ ಸಲಹೆ ಕೊಡುವ ಮುಂಚೆ ಅವರು ಅವನ ಅಡ್ಮಿಷನ್ ಕಾಗದ ಕೇಳಿ ನೋಡಲೇ ಇಲ್ಲ. ಇವತ್ತಿಗೂ ಅದು ನನಗೆ ಸಿಟ್ಟು ತರಿಸುತ್ತದೆ.

ಗ್ಯಾರೇಜಿನ ಟೀಚರ್ ಬಗ್ಗೆ ಹೇಳಿದ್ದು ನನ್ನ ಮಗಳ ಭಾನುವಾರದ ಕನ್ನಡ ಕ್ಲಾಸಿಗೆ ಮಕ್ಕಳನ್ನು ಬಿಡಲು ಬರುವ ಇನ್ನೊಬ್ಬ ತಾಯಿ. ಮೈಸೂರಿನವರು. ಹೋದ ವರ್ಷ ಅವರ ಮಗಳೂ ಹೀಗೇ ಜಾರಿದ್ದಳಂತೆ. ಕಾರಿನ ಪಕ್ಕ ನಿಂತುಕೊಂಡು ನಂಬರ್ ಕೊಟ್ಟರು. ನಾನು ಅಲ್ಲಿಂದಲೇ ಫೋನ್ ಮಾಡಿದೆ. ಟೀಚರ್ ತುಂಬಾ ಮರ್ಯಾದೆಯಿಂದ ಮಾತಾಡಿದರು. ಆದರೆ ಮಗನ ಬಗ್ಗೆ ಒಂದು ಪ್ರಶ್ನೆಯನ್ನೂ ನನ್ನ ಹತ್ತಿರ ಕೇಳಲಿಲ್ಲ. "ಅವನಿಗೆ ಬೇಕು ಅನ್ನಿಸಿದರೆ ಅವನೇ ಫೋನ್ ಮಾಡಲಿ. ನಾನು ತಂದೆತಾಯಿ ಸೇರಿಸಿದ ಮಕ್ಕಳನ್ನು ತಗೊಳ್ಳಲ್ಲ" ಅಂದರು.

ನನಗೆ ಬೇಜಾರಾಯಿತು. ದುಡ್ಡು ಕೊಡುವವರು ನಾವು, ಅಲ್ವಾ? ಅವನು ಎರಡು ದಿನ ಫೋನ್ ಮಾಡಲಿಲ್ಲ. ಆ ಎರಡು ದಿನ ನಾನು ಬಾಯಿ ಬಿಗಿ ಹಿಡಿದುಕೊಂಡಿದ್ದೆ. ಮೂರನೇ ದಿನ ಸಂಜೆ ಹಿತ್ತಲಿನಲ್ಲಿ ನಿಂತುಕೊಂಡು ಅವನು ಮಾತಾಡುವುದು ಅಡುಗೆಮನೆಯ ಕಿಟಕಿಯಿಂದ ಕೇಳಿಸಿತು. ನಾಲ್ಕೇ ನಿಮಿಷದ ಮಾತು. ಒಳಗೆ ಬಂದು, "ಗುರುವಾರ ಬಿಡ್ತೀಯಾ ಅಮ್ಮಾ?" ಅಂದ.

ಮೊದಲ ದಿನ ಮಾತ್ರ ತಂದೆತಾಯಿ ಒಳಗೆ ಬಂದು ಕೂರಬಹುದು. ಆಮೇಲೆ ಬಾಗಿಲಲ್ಲೇ ಬಿಟ್ಟು ಹೋಗಬೇಕು. ಹಾಗಾಗಿ ಜಾಗ ಹೇಗಿದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಎರಡು ಉದ್ದ ಮಡಚುವ ಟೇಬಲ್, ಎಂಟು ಕುರ್ಚಿ. ಒಂದು ಗೋಡೆಗೆ ಬಿಳಿ ಬೋರ್ಡ್. ಇನ್ನೊಂದು ಗೋಡೆಗೆ ಅವರ ಮನೆಯ ಸೈಕಲ್ಲು, ಏಣಿ, ವಾಷಿಂಗ್ ಮಷಿನ್ನು ಎಲ್ಲಾ ಇದ್ದ ಹಾಗೇ ಇವೆ. ಬಾಗಿಲ ಹತ್ತಿರ ಒಂದು ಬೆತ್ತದ ಬುಟ್ಟಿ, ಅದರೊಳಗೆ ಮಕ್ಕಳ ಫೋನು. ಪ್ರತಿ ಮಗುವಿಗೂ ಒಂದು ಹಳದಿ ಹಾಳೆಯ ಪ್ಯಾಡ್. ಅಡುಗೆಮನೆಯಲ್ಲಿ ಇಟ್ಟುಕೊಳ್ಳುವಂಥ ತಿರುಗಿಸುವ ಟೈಮರ್ ಒಂದಿದೆ. 25 ನಿಮಿಷಕ್ಕೆ ತಿರುಗಿಸುತ್ತಾರೆ. ಅದು ಕಿರ್ ಅನ್ನುವ ತನಕ ಯಾರೂ ಮಾತಾಡುವ ಹಾಗಿಲ್ಲ. ಆಮೇಲೆ ಐದು ನಿಮಿಷ ಹೊರಗೆ ನಿಂಬೆಗಿಡದ ಹತ್ತಿರ ಓಡಾಡಬಹುದು.

ಆವತ್ತು ಟೀಚರ್ ಗಣಿತದ ಪುಸ್ತಕ ತೆಗೆಯಲೇ ಇಲ್ಲ. ಅಡ್ಮಿಷನ್ ಷರತ್ತುಗಳ ಪುಟವನ್ನು ಪ್ರಿಂಟ್ ಹಾಕಿಕೊಂಡು ಬರಲು ಫೋನಿನಲ್ಲೇ ಅವನಿಗೆ ಹೇಳಿದ್ದರಂತೆ. ಯುಸಿ ಕೊಡುವ ಸೀಟು ಷರತ್ತಿನ ಸೀಟು. ಬರುತ್ತೇನೆ ಅಂತ ಒತ್ತುವಾಗ ಮಕ್ಕಳು ಆ ಷರತ್ತಿಗೆ ಒಪ್ಪಿಗೆ ಕೊಟ್ಟಿರುತ್ತಾರೆ. ಯಾರೂ ಓದಿರುವುದಿಲ್ಲ. ಟೀಚರ್ ಅವನ ಕೈಯಲ್ಲಿ ಅದನ್ನು ಜೋರಾಗಿ ಓದಿಸಿದರು. ಒಂದೊಂದು ಸಾಲು ಓದಿದ ಮೇಲೂ, ಇದರ ಅರ್ಥ ಏನು, ನಿನ್ನ ಮಾತಿನಲ್ಲಿ ಹೇಳು ಅಂದರು. ಹನ್ನೆರಡನೇ ಕ್ಲಾಸಿನಲ್ಲಿ ಡಿ ಅಥವಾ ಎಫ್ ಬರಬಾರದು. ವರ್ಷದ ಸರಾಸರಿ 3.0ಕ್ಕಿಂತ, ಅಂದರೆ ಬಿ ಗ್ರೇಡಿಗಿಂತ, ಕೆಳಗೆ ಹೋಗಬಾರದು. ಅರ್ಜಿಯಲ್ಲಿ ಯಾವ ಕ್ಲಾಸು ಓದುತ್ತೇನೆ ಅಂತ ಬರೆದಿದ್ದೀಯೋ ಅವನ್ನೆಲ್ಲ ಮುಗಿಸಬೇಕು. ಬದಲಾಯಿಸಿದರೆ ಕ್ಯಾಂಪಸ್ಸಿಗೆ ತಿಳಿಸಬೇಕು. ಕೊನೆಯ ಟ್ರಾನ್ಸ್‌ಕ್ರಿಪ್ಟ್ ಜುಲೈ 1ರೊಳಗೆ, ಎಪಿ ಅಂಕ ಜುಲೈ 15ರೊಳಗೆ ತಲುಪಬೇಕು. ಸರಾಸರಿಯ ಲೆಕ್ಕ ಕ್ಯಾಂಪಸ್ಸಿನಿಂದ ಕ್ಯಾಂಪಸ್ಸಿಗೆ ಸ್ವಲ್ಪ ಬೇರೆ ಇರುತ್ತದೆ, ನಿಮ್ಮ ಮಕ್ಕಳ ಕಾಗದವನ್ನೇ ನೋಡಿ.

ಕ್ಲಾಸು ಬದಲಾಯಿಸುವ ಸಾಲಿಗೆ ಬಂದಾಗ ಮಗ ನನ್ನ ಕಡೆ ನೋಡಿದ. ಆ ಸೆಂಟರಿನವರ ಮಾತು ಇಬ್ಬರಿಗೂ ನೆನಪಾಗಿತ್ತು. ಅವತ್ತು ನಾವು ಹೂಂ ಅಂದು, ಕ್ಯಾಂಪಸ್ಸಿಗೆ ಒಂದು ಮಾತೂ ತಿಳಿಸದೆ ಕ್ಯಾಲ್ಕುಲಸ್ ಬಿಡಿಸಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ ನನ್ನ ಕೈ ತಣ್ಣಗಾಯಿತು.

ಅಷ್ಟರಲ್ಲಿ ಮಗ, "ನಿಜವಾಗಲೂ ಯಾರದ್ದಾದರೂ ಸೀಟು ವಾಪಸ್ ತಗೊಂಡಿದ್ದಾರಾ?" ಅಂತ ಕೇಳಿದ. ಟೀಚರ್ ಅರ್ವೈನ್ ಕ್ಯಾಂಪಸ್ಸಿನ ಕಥೆ ಹೇಳಿದರು. 2017ರ ಬೇಸಿಗೆಯಲ್ಲಿ, ಕ್ಲಾಸು ಶುರುವಾಗಲು ಎರಡು ತಿಂಗಳಿದ್ದಾಗ, ಯುಸಿ ಅರ್ವೈನ್ 499 ಮಕ್ಕಳ ಸೀಟನ್ನು ವಾಪಸ್ ತಗೊಂಡಿತ್ತು. ಕೆಲವರದ್ದು ಕೊನೆಯ ವರ್ಷದ ಗ್ರೇಡು ಕೆಟ್ಟಿತ್ತು. ಇನ್ನು ಎಷ್ಟೋ ಜನರದ್ದು ಟ್ರಾನ್ಸ್‌ಕ್ರಿಪ್ಟ್ ಸಮಯಕ್ಕೆ ತಲುಪಿರಲಿಲ್ಲ, ಅಷ್ಟೇ. ಮಕ್ಕಳು, ತಂದೆತಾಯಿ ಎಲ್ಲಾ ಗಲಾಟೆ ಮಾಡಿದರು. ಪತ್ರಿಕೆಗಳಲ್ಲಿ ಬಂತು. ಆ ಕ್ಯಾಂಪಸ್ಸಿನ ಮುಖ್ಯಸ್ಥರಾದ ಚಾನ್ಸೆಲರ್ ಹೊವರ್ಡ್ ಗಿಲ್ಮನ್ ಕ್ಷಮೆ ಕೇಳಿದರು. ಕಾಗದಪತ್ರದ ಕಾರಣಕ್ಕೆ ಸೀಟು ಹೋದವರಿಗೆ ವಾಪಸ್ ಸಿಕ್ಕಿತು. ಆ ಸುದ್ದಿ ಬಂದಾಗ ನನ್ನ ಮಗನಿಗೆ ಹತ್ತು ವರ್ಷ. ನಾನೂ ಟಿವಿಯಲ್ಲಿ ನೋಡಿದ್ದೆ, ಯಾರದ್ದೋ ಮನೆಯ ಕಥೆ ಅಂತ ಚಾನೆಲ್ ಬದಲಾಯಿಸಿದ್ದೆ. ಟೀಚರ್ ಇದನ್ನು ಹೆದರಿಸುವ ದನಿಯಲ್ಲಿ ಹೇಳಲಿಲ್ಲ. ಬಸ್ಸಿನ ಟೈಮು ಹೇಳಿದ ಹಾಗೆ ಹೇಳಿದರು. ಅದಕ್ಕೇ ಇರಬೇಕು, ಅವನು ಕಿವಿಗೊಟ್ಟು ಕೇಳಿದ.

ಎರಡನೇ ಸಲ ಏನಾಯಿತು ಅನ್ನುವುದನ್ನು ಅವನೇ ಮನೆಗೆ ಬಂದು ಹಳದಿ ಪ್ಯಾಡ್ ತೋರಿಸಿ ಹೇಳಿದ. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಎಷ್ಟೋ ಮನೆಗಳಲ್ಲಿ ಇದೇ ಲೆಕ್ಕ ಇರುತ್ತದೆ.

ಅವನ ಕ್ಲಾಸಿನಲ್ಲಿ ಟೆಸ್ಟಿಗೆ 70 ಪರ್ಸೆಂಟ್, ಹೋಮ್‌ವರ್ಕಿಗೆ 30 ಪರ್ಸೆಂಟ್. ಟೆಸ್ಟುಗಳಲ್ಲಿ ಅವನ ಸರಾಸರಿ 70 ಇತ್ತು. ಅಂದರೆ ನೂರಕ್ಕೆ 49 ಅಲ್ಲಿಂದ ಬಂತು. 24 ಹೋಮ್‌ವರ್ಕಿನಲ್ಲಿ ಅವನು ಕೊಟ್ಟಿದ್ದು 11. ಕೊಟ್ಟಿದ್ದರಲ್ಲಿ 95ರಂತೆ ಅಂಕ ಇತ್ತು. ಉಳಿದ 13ಕ್ಕೆ ಸೊನ್ನೆ. ಎಲ್ಲಾ ಸೇರಿಸಿದರೆ ಹೋಮ್‌ವರ್ಕಿನಿಂದ ಬಂದದ್ದು 13. ಒಟ್ಟು 62. ಈಗ ಶಾಲೆಯ ನಿಯಮ ಏನು? ತಡವಾಗಿ ಕೊಟ್ಟರೂ 60ರ ತನಕ ಅಂಕ ಇದೆ. ಟೀಚರ್ ಅವನ ಕೈಯಲ್ಲೇ ಲೆಕ್ಕ ಹಾಕಿಸಿದರು. ಆ 13ನ್ನೂ ಕೊಟ್ಟರೆ ಹೋಮ್‌ವರ್ಕಿನ ಪಾಲು 13ರಿಂದ 22.8ಕ್ಕೆ ಹೋಗುತ್ತದೆ. ಒಟ್ಟು 71.8. ಹೊಸದಾಗಿ ಒಂದೇ ಒಂದು ಟೆಸ್ಟ್ ಬರೆಯದೆ ಡಿ ಹೋಗಿ ಸಿ ಮೈನಸ್ ಆಗುತ್ತದೆ. ಯುಸಿ ಪ್ಲಸ್ಸು ಮೈನಸ್ಸು ನೋಡುವುದಿಲ್ಲ, ಸಿ ಮೈನಸ್ಸೂ ಅವರಿಗೆ ಸಿ.

"ನಿನಗೆ ಗಣಿತ ಬರಲ್ಲ ಅಂತ ಯಾರು ಹೇಳಿದ್ದು? ನೀನು ಕೊಟ್ಟಿಲ್ಲ, ಅಷ್ಟೇ" ಅಂದರಂತೆ ಟೀಚರ್. ಈ ಒಂದು ಮಾತನ್ನು ಅವನು ನನಗೆ ಎರಡು ಸಲ ಹೇಳಿದ. ಬುನಾದಿಯೇ ಗಟ್ಟಿ ಇಲ್ಲ ಅಂತ ಆ ದೊಡ್ಡ ಸೆಂಟರಿನಲ್ಲಿ ಹೇಳಿದ್ದು ಅವನ ಮನಸ್ಸಿಗೆ ಎಷ್ಟು ನಾಟಿತ್ತು ಅಂತ ನನಗೆ ಆಗಲೇ ಗೊತ್ತಾದದ್ದು. ಮುಂದಿನ ಎರಡು ವಾರ ಅವನು ಅಲ್ಲಿ ಕೂತು ಮಾಡಿದ್ದು ಆ 13 ಹೋಮ್‌ವರ್ಕು. ಬೇರೆ ಏನೂ ಇಲ್ಲ.

ಇದನ್ನು ಟ್ಯೂಷನ್ ಅನ್ನಬಹುದಾ ಅಂತ ಯಾರಾದರೂ ಕೇಳಬಹುದು. ನಮ್ಮವರೂ ಕೇಳಿದರು. 55 ಡಾಲರ್ ಕೊಟ್ಟು ಮನೆಯಲ್ಲಿ ಮಾಡಬೇಕಾದ ಹೋಮ್‌ವರ್ಕನ್ನು ಇನ್ನೊಬ್ಬರ ಗ್ಯಾರೇಜಿನಲ್ಲಿ ಕೂತು ಮಾಡುವುದೇ? ನನ್ನ ಉತ್ತರ: ಹೌದು, ಅದಕ್ಕೇ ಕೊಟ್ಟಿದ್ದು. ಮನೆಯಲ್ಲಿ ಅದು ಆಗುತ್ತಿರಲಿಲ್ಲ. ಸುಮ್ನೆ ಕೂತು ಮಾಡು ಅಂತ ನಾನು ಹೇಳಿದಷ್ಟೂ ಅವನು ದೂರ ಹೋಗುತ್ತಿದ್ದ. ಅಲ್ಲಿ ಅವನ ಹಾಗೆಯೇ ಜಾರಿದ ಇನ್ನೂ ಆರು ಮಕ್ಕಳಿದ್ದರು. ಒಬ್ಬಳು ಇಂಗ್ಲಿಷ್ ಪ್ರಬಂಧ ಬರೆಯುತ್ತಿದ್ದಳು, ಒಬ್ಬ ಫಿಸಿಕ್ಸ್ ಲ್ಯಾಬ್ ರಿಪೋರ್ಟು. ಎಲ್ಲರಿಗೂ ಸೀಟು ಸಿಕ್ಕಿತ್ತು. ಎಲ್ಲರ ತಲೆಯ ಮೇಲೂ ಒಂದು ಡಿ ಇತ್ತು. ಆ ಕೋಣೆಯಲ್ಲಿ ಯಾರೂ ಯಾರಿಗೂ ಏನನ್ನೂ ಮುಚ್ಚಿಡಬೇಕಾಗಿರಲಿಲ್ಲ.

ಟೀಚರ್ ಒಂದು ದಿನ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದರಂತೆ: ಯಾವ ದಿನದಿಂದ ಬಿಟ್ಟಿರಿ? ತಾರೀಖು ಬರೆಯಿರಿ. ನನ್ನ ಮಗ ಬರೆದದ್ದು ಫೆಬ್ರವರಿ ಮೊದಲ ವಾರದ ಒಂದು ದಿನ. ಸೀಟು ಬಂದದ್ದು ಮಾರ್ಚ್‌ನಲ್ಲಿ. ಅಂದರೆ ಸೀಟು ಸಿಗುವುದಕ್ಕೂ ಒಂದು ತಿಂಗಳು ಮುಂಚೆಯೇ ಅವನು ಕೈಬಿಟ್ಟಿದ್ದ. ಆವತ್ತು ಕಾರಿನಲ್ಲಿ ಬರುವಾಗ ಇದನ್ನು ಹೇಳಿದ. "ಅಮ್ಮಾ, ಒಂಬತ್ತನೇ ಕ್ಲಾಸಿಂದ ಓಡ್ತಾನೇ ಇದ್ದೆ. ಅರ್ಜಿ ಕಳಿಸಿದ ಮೇಲೆ ಕಾಲು ನಿಂತುಹೋಯ್ತು. ಖುಷಿಗೆ ಬಿಟ್ಟಿದ್ದಲ್ಲ" ಅಂದ. ನಾನು ಮೌರಿ ಅವೆನ್ಯೂ ಸಿಗ್ನಲ್ಲಿನಲ್ಲಿ ನಿಂತಿದ್ದೆ. ಹಸಿರು ಬಂದರೂ ಗೊತ್ತಾಗಲಿಲ್ಲ, ಹಿಂದಿನವರು ಹಾರ್ನ್ ಹೊಡೆದರು.

ಇಷ್ಟು ದಿನ ನಾನು ಅದನ್ನು ಸೋಮಾರಿತನ ಅಂದುಕೊಂಡಿದ್ದೆ, ಸೊಕ್ಕು ಅಂತಲೂ ಅಂದುಕೊಂಡಿದ್ದೆ. ದಣಿವು ಅಂತ ಒಂದು ಸಲವೂ ಹೊಳೆದಿರಲಿಲ್ಲ. ಬೇಸಿಗೆ ರಜೆಯಲ್ಲೂ ಕ್ಲಾಸು, ಶನಿವಾರ ರೊಬಾಟಿಕ್ಸು, ರಾತ್ರಿ ಹನ್ನೊಂದಕ್ಕೆ ಅರ್ಜಿಯ ಪ್ರಬಂಧಗಳು. ಅದನ್ನೆಲ್ಲ ಮಾಡಿಸಿದವರಲ್ಲಿ ನಾನೂ ಒಬ್ಬಳು. ಆವತ್ತು ರಾತ್ರಿ ನಮ್ಮವರು ಕಾರಿನ ಕೀ ವಾಪಸ್ ಕೊಟ್ಟರು.

ಗಣಿತ ಹೇಳಿಕೊಡುವುದರಲ್ಲಿ ಟೀಚರ್ ಹೇಗೆ? ತುಂಬಾ ಚೆನ್ನಾಗಿ ಹೇಳಿಕೊಡುತ್ತಾರೆ. ಆದರೆ ಕಡಿಮೆ ಹೇಳಿಕೊಡುತ್ತಾರೆ. ಮಗು ಕೇಳಿದರೆ ಮಾತ್ರ ಬೋರ್ಡಿನ ಹತ್ತಿರ ಹೋಗುತ್ತಾರೆ. ಬಿಸಿ ಕ್ಯಾಲ್ಕುಲಸ್‌ನಲ್ಲಿ ಮಕ್ಕಳನ್ನು ಸುಸ್ತು ಮಾಡುವುದು ಸೀರೀಸ್ ಅನ್ನುವ ಪಾಠ. ಅದು ವರ್ಷದ ಕೊನೆಗೆ, ಮಕ್ಕಳು ಜಾರಿರುವ ಹೊತ್ತಿಗೇ ಬರುತ್ತದೆ. ಒಂದು ಭಾನುವಾರ ಅಲ್ಲಿಂದ ಬಂದವನೇ ಮಗ ನನ್ನ ಫೋನಿನ ಕ್ಯಾಲ್ಕುಲೇಟರ್ ತೆಗೆದ. "ಅಮ್ಮಾ, 0.1ರ ಸೈನ್ ಎಷ್ಟು ಅಂತ ನೀನು ಒತ್ತು, ನಾನು ಕೈಯಲ್ಲಿ ಮಾಡ್ತೀನಿ" ಅಂದ. ರೇಡಿಯನ್‌ಗೆ ಹಾಕಿ ಒತ್ತಿದೆ. 0.0998334 ಅಂತ ಬಂತು. ಅವನು ಹಳದಿ ಹಾಳೆಯಲ್ಲಿ 0.1 ಬರೆದು, ಅದರಿಂದ 0.1ರ ಘನವನ್ನು ಆರರಿಂದ ಭಾಗಿಸಿ ಕಳೆದ. ಎರಡೇ ಪದ. 0.0998333. "ನೋಡು, ಏಳನೇ ಅಂಕಿಗೆ ಬಂದು ವ್ಯತ್ಯಾಸ!" ಅಂದ. ಆ ಸೂತ್ರವನ್ನು ನಾನೂ ಹಾಸನದಲ್ಲಿ ಬಾಯಿಪಾಠ ಮಾಡಿದ್ದೆ. ಅದು ಹೀಗೆ ಅಂತ ನನಗೆ ಯಾರೂ ತೋರಿಸಿರಲಿಲ್ಲ. ಒಗ್ಗರಣೆ ಸೀದುಹೋಯಿತು. ನಾನು ಇನ್ನೊಂದು ಸಂಖ್ಯೆ ಹಾಕು ಅಂದೆ.

ಎಪಿ ಪರೀಕ್ಷೆ ಮೇ ತಿಂಗಳ ಎರಡನೇ ವಾರ ಇತ್ತು. ಡಿಯ ಭಯ ಹೋದ ಮೇಲೆ ಎಪಿ ಬರೆಯದೇ ಬಿಟ್ಟರೆ ಆಗಲ್ವಾ ಅಂತ ಮಗ ಕೇಳಿದ್ದ. ಟೀಚರ್ ಬಲವಂತ ಮಾಡಲಿಲ್ಲ. ಯುಸಿಯಲ್ಲಿ ಎಪಿಗೆ ಐದಕ್ಕೆ 3 ಅಥವಾ ಜಾಸ್ತಿ ಬಂದರೆ ಕ್ರೆಡಿಟ್ ಇದೆ, ಕ್ಯಾಲ್ಕುಲಸ್ ಬಿಸಿಗೆ 8 ಕ್ವಾರ್ಟರ್ ಯೂನಿಟ್ ಅಂತ ಮಾತ್ರ ತೋರಿಸಿದರು. ಅಷ್ಟು ಯೂನಿಟ್ ಅಂದರೆ ಕಾಲೇಜಿನಲ್ಲಿ ಎರಡು ಕೋರ್ಸಿನ ಹತ್ತಿರ. ಅವನೇ ಬರೆಯುತ್ತೇನೆ ಅಂದ. 2025ರಿಂದ ಆ ಪರೀಕ್ಷೆಯ ರೀತಿ ಬದಲಾಗಿದೆ. ಆಯ್ಕೆ ಪ್ರಶ್ನೆಗಳು ಕಂಪ್ಯೂಟರಿನಲ್ಲಿ. ಉದ್ದ ಉತ್ತರದ ಆರು ಪ್ರಶ್ನೆಗಳನ್ನು ಸ್ಕ್ರೀನಿನಲ್ಲಿ ನೋಡಿಕೊಂಡು ಕಾಗದದ ಮೇಲೆ ಬರೆಯಬೇಕು. ಟೀಚರ್ ಪರೀಕ್ಷೆಗೆ ಮುಂಚಿನ ದಿನಗಳಲ್ಲಿ ಅದನ್ನೇ ಅಭ್ಯಾಸ ಮಾಡಿಸಿದರು. ಲ್ಯಾಪ್‌ಟಾಪ್ ಎದುರಿಗೆ, ಪೆನ್ಸಿಲ್ ಕೈಯಲ್ಲಿ, ಪಕ್ಕದಲ್ಲಿ ಟೈಮರು.

ಕೊನೆಗೆ ಬಂದದ್ದು: ಕ್ಯಾಲ್ಕುಲಸ್ ಬಿ ಮೈನಸ್, 81. ಇಂಗ್ಲಿಷ್ ಬಿ. ಎಕನಾಮಿಕ್ಸ್ ಬಿ. ಎಪಿಯಲ್ಲಿ 4. ಸೀಟು ಹಾಗೇ ಇದೆ.

ಜೂನ್‌ನಲ್ಲಿ ಅವರು ಮಾಡಿದ ಇನ್ನೊಂದು ಕೆಲಸ ಹೇಳಲೇಬೇಕು. ಟ್ಯೂಷನ್ ಮುಗಿದಿತ್ತು, ದುಡ್ಡಿನ ಲೆಕ್ಕವೂ ಮುಗಿದಿತ್ತು. ಆದರೂ ಶಾಲೆ ಮುಗಿದ ವಾರ ಏಳು ಮಕ್ಕಳಿಗೂ ಮೆಸೇಜ್ ಹಾಕಿದ್ದರು: ಕೊನೆಯ ಟ್ರಾನ್ಸ್‌ಕ್ರಿಪ್ಟ್ ಕಳಿಸಿದ್ದಾರಾ ಅಂತ ಶಾಲೆಯ ಆಫೀಸಿನಲ್ಲಿ ನೀವೇ ಹೋಗಿ ಕೇಳಿ, ಕ್ಯಾಂಪಸ್ಸಿನ ಪೋರ್ಟಲ್ಲಿನಲ್ಲಿ ತಲುಪಿದೆ ಅಂತ ಬರುವ ತನಕ ನೋಡುತ್ತಿರಿ. ಮಗ ಹೋಗಿ ಕೇಳಿದರೆ, ಅವನು ಆನ್‌ಲೈನ್‌ನಲ್ಲಿ ಮನವಿಯನ್ನೇ ಪೂರ್ತಿ ಮಾಡಿರಲಿಲ್ಲ, ಕೊನೆಯ ಬಟನ್ ಒತ್ತಿರಲಿಲ್ಲ. ಅಲ್ಲೇ ನಿಂತು ಒತ್ತಿ ಬಂದ. ಆಗ ಜೂನ್ ಹತ್ತು ದಾಟಿತ್ತು. ಜುಲೈ 1ಕ್ಕೆ ಇನ್ನೂ ಸಮಯ ಇತ್ತು, ಸದ್ಯ.

ಇಷ್ಟವಾಗದ್ದೂ ಇದೆ. ತಂದೆತಾಯಿಗೆ ಅವರು ಏನೂ ತಿಳಿಸುವುದಿಲ್ಲ. ಮಗು ಬಂತಾ, ಏನು ಮಾಡಿತು, ಮುಂದೇನು, ಒಂದು ಸಾಲಿನ ಮೆಸೇಜೂ ಇಲ್ಲ. ನಾನು ಎರಡು ಸಲ ಕೇಳಿದೆ. "ಅವನನ್ನೇ ಕೇಳಿ" ಅಂದರು. ಅವರ ಕಾರಣ ನನಗೆ ಈಗ ಅರ್ಥವಾಗುತ್ತದೆ. ಆದರೂ ಮೊದಲ ಮೂರು ವಾರ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ವಾರಕ್ಕೊಂದು ಮಾತು ಹೇಳಿದ್ದರೆ ಏನೂ ಕೆಡುತ್ತಿರಲಿಲ್ಲ ಅಂತ ಈಗಲೂ ಅನ್ನಿಸುತ್ತದೆ. ಏಪ್ರಿಲ್ ಕೊನೆಗೆ ಅವರು ಒಂದು ವಾರ ಊರಲ್ಲಿರಲಿಲ್ಲ, ಬದಲಿ ಏರ್ಪಾಡೂ ಇರಲಿಲ್ಲ. ಆ ಒಂದೇ ವಾರದಲ್ಲಿ ಮಗ ಮತ್ತೆ ಎರಡು ಹೋಮ್‌ವರ್ಕ್ ಬಿಟ್ಟ. ಒಬ್ಬರೇ ನಡೆಸುವ ಕಡೆ ಇದು ಇದ್ದದ್ದೇ, ಗೊತ್ತಿರಲಿ. ಗ್ಯಾರೇಜ್ ಸಂಜೆ ಹೊತ್ತು ತಣ್ಣಗಿರುತ್ತದೆ, ಏಪ್ರಿಲ್‌ನಲ್ಲೂ ಜಾಕೆಟ್ ಬೇಕು. ಕ್ಯಾಶ್ ಅಥವಾ ಚೆಕ್ ಮಾತ್ರ. ಮನೆ ಎದುರು ಗಾಡಿ ನಿಲ್ಲಿಸಬಾರದು, ಪಕ್ಕದ ಮನೆಯವರಿಗೆ ತೊಂದರೆ. ಮೂಲೆಯ ಪಾರ್ಕಿನ ಹತ್ತಿರ ನಿಲ್ಲಿಸಿ ನಡೆದು ಬರಬೇಕು.

ಎಲ್ಲಾ ಮಕ್ಕಳಿಗೂ ಇದು ಆಗುವುದಿಲ್ಲ. ಪಾಠವೇ ಅರ್ಥವಾಗದೆ ಹಿಂದೆ ಬಿದ್ದಿರುವ ಮಗುವಿಗೆ ದಿನಾ ಕೂತು ಹೇಳಿಕೊಡುವವರು ಬೇಕು. ಇವರು ಹಾಗೆ ಹೇಳಿಕೊಡುವುದಿಲ್ಲ. ನಿದ್ದೆ, ಊಟ, ಗೆಳೆಯರು ಎಲ್ಲಾ ಬಿಟ್ಟು ರೂಮು ಸೇರಿಕೊಂಡಿರುವ ಮಗುವನ್ನು ಇಲ್ಲಿಗೆ ತರಬೇಡಿ, ಮೊದಲು ಡಾಕ್ಟರ ಹತ್ತಿರ, ಶಾಲೆಯ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗಿ. ಇದನ್ನು ಟೀಚರ್ ಮೊದಲ ದಿನವೇ ನನಗೆ ನೇರವಾಗಿ ಹೇಳಿದ್ದರು. ಮಗ ಊಟ ಮಾಡುತ್ತಿದ್ದಾನಾ, ಎಷ್ಟು ಹೊತ್ತಿಗೆ ಮಲಗುತ್ತಾನೆ ಅಂತ ನನ್ನನ್ನು ಕೇಳಿದ್ದು ಅವತ್ತು ಮಾತ್ರ.

ಬಾಯಿಮಾತಿನಲ್ಲೇ ನಂಬರ್ ಸಿಗುತ್ತದೆ. ಫ್ರೀಮಾಂಟ್, ಯೂನಿಯನ್ ಸಿಟಿ, ನೆವಾರ್ಕ್ ಕಡೆಯ ಹೈಸ್ಕೂಲಿನ ತಂದೆತಾಯಿಗಳನ್ನು ಕೇಳಿದರೆ ಯಾರಿಗಾದರೂ ಗೊತ್ತಿರುತ್ತದೆ. ಜನವರಿಯಲ್ಲೇ ಕೇಳಿದರೆ ಒಳ್ಳೆಯದು, ಎಂಟೇ ಕುರ್ಚಿ ಇರುವುದು.

ಮಗ ಸೆಪ್ಟೆಂಬರ್ ಕೊನೆಗೆ ಹಾಸ್ಟೆಲ್ಲಿಗೆ ಹೋಗುತ್ತಾನೆ. ಹೋದ ವಾರ ನಾನೂ ಅವನೂ ಟೀಚರಿಗೆ ಕೋಡುಬಳೆ ಕೊಟ್ಟು ಬರಲು ಹೋಗಿದ್ದೆವು. ಮಗಳೂ ಜೊತೆಯಲ್ಲಿದ್ದಳು, ಅವಳು ಈಗ ಒಂಬತ್ತನೇ ಕ್ಲಾಸು. ಇವಳು ಹನ್ನೆರಡನೇ ಕ್ಲಾಸಿಗೆ ಬಂದಾಗ ಇವಳಿಗೂ ಒಂದು ಕುರ್ಚಿ ಇಟ್ಟಿರಿ ಅಂದೆ. ಟೀಚರ್ ಅವಳ ಕಡೆ ತಿರುಗಿ, "ನನ್ನ ನಂಬರ್ ನಿನ್ನ ಅಣ್ಣನ ಹತ್ತಿರ ಇದೆ. ಬೇಕು ಅನ್ನಿಸಿದಾಗ ನೀನೇ ಫೋನ್ ಮಾಡು" ಅಂದರು.